ಹಳೇ ಎಂಜಿನ್ನಿನ ಎಣ್ಣೆ ಬಲ್ಲ ಸಾತಪ್ಪ

ಬೆಳಗಿನ ಐದೂವರೆ. ಖಾನಾಪುರದ ಜಾಂಬೋಟಿ ರಸ್ತೆಗೆ ಹೊಂದಿಕೊಂಡ ತಗಡಿನ ಶೆಡ್ಡಿನಲ್ಲಿ ಸಾತಪ್ಪ ಗಾಣಿಗೇರ ಕುಕ್ಕುರುಗಾಲಲ್ಲಿ ಕುಳಿತಿದ್ದಾರೆ. ಎದುರಿಗೆ ಎರಡನೇ ಮಹಾಯುದ್ಧದ ಕಾಲದ ಒಂದು ಬಿಎಸ್‌ಎ ಮೋಟಾರ್ ಸೈಕಲ್ಲು. ಅದರ ಸೀಟಿನ ಕೆಳಗಿರುವ ಎಣ್ಣೆ ಟ್ಯಾಂಕಿನ ತಳದ ಬೋಲ್ಟನ್ನು ಅರ್ಧ ಸುತ್ತು ಸಡಿಲಿಸಿ, ಅಂಗೈ ಒಡ್ಡಿ ಕಾಯುತ್ತಾರೆ. ನಾಲ್ಕು ಹನಿ ಬೀಳುತ್ತಲೇ ಬೋಲ್ಟು ಬಿಗಿಯುತ್ತಾರೆ. ಅಂಗೈಯನ್ನು ಕಂದೀಲಿನ ಹತ್ತಿರ ಒಯ್ದು ಅತ್ತಿತ್ತ ವಾಲಿಸುತ್ತಾರೆ, ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕುತ್ತಾರೆ, ಮೂಗಿಗೂ ಹಿಡಿಯುತ್ತಾರೆ. ನನಗೆ ಕಾಣುವುದು ಕರಿ ಎಣ್ಣೆ ಅಷ್ಟೇ. ಅವರಿಗೆ ಅದರಲ್ಲಿ ಒಂದು ವಾರದ ಸಮಾಚಾರವೇ ಕಾಣುತ್ತದೆ.

"ಮುಂಜಾನಿ ಎಣ್ಣಿ ಸುಳ್ಳ ಹೇಳೂದಿಲ್ಲರಿ" ಎನ್ನುತ್ತಾರೆ. "ರಾತ್ರಿ ಎಲ್ಲಾ ನೀರು ಬುಡಕ್ಕ ಕುಂತಿರ್ತೈತಿ. ಗಾಡಿ ಚಾಲೂ ಮಾಡಿಬಿಟ್ರ ಎಲ್ಲಾ ಕಲಸಿ ಹೋಗ್ತೈತಿ. ಆಮ್ಯಾಲ ಯಾರಿಗೆ ತಿಳೀತೈತಿ ಹೇಳ್ರಿ?"

ಅದಕ್ಕೇ ಇವರ ಬಳಿ ಗಾಡಿ ತರುವವರು ಹಿಂದಿನ ಸಂಜೆಯೇ ಬಿಟ್ಟು ಹೋಗಬೇಕು. ಬೆಳಿಗ್ಗೆ ಮೊದಲ ಕಿಕ್ಕು ಸಾತಪ್ಪನವರದ್ದೇ ಆಗಬೇಕು. ಗಡಿಬಿಡಿಯವರು ಬೆಳಗಾವಿಯ ದೊಡ್ಡ ಗ್ಯಾರೇಜುಗಳಿಗೆ ಹೋಗಲಿ, ಇವರದೇನೂ ತಕರಾರಿಲ್ಲ. ದಿನಕ್ಕೆ ಎರಡು ಗಾಡಿ, ಮೂರನೆಯದನ್ನು ಮುಟ್ಟುವುದಿಲ್ಲ.

ಅಂಗೈಯ ಪರೀಕ್ಷೆ ಮುಗಿದ ಮೇಲೆ ಕಾಗದದ ಪರೀಕ್ಷೆ. ಹಳೇ ಕ್ಯಾಲೆಂಡರಿನ ಹಾಳೆಯ ಹಿಂಬದಿಗೆ ಒಂದು ಹನಿ ಎಣ್ಣೆ ಇಟ್ಟು, ತಾರೀಖು ಬರೆದು, ತಂತಿಗೆ ಸಿಕ್ಕಿಸುತ್ತಾರೆ. ಹನಿ ನಿಧಾನವಾಗಿ ಹರಡುತ್ತದೆ. ನಡುವೆ ಕಪ್ಪು, ಸುತ್ತ ಕಂದು, ಅಂಚಿಗೆ ಜೇನಿನ ಬಣ್ಣ. ನಡುವಿನ ಕಪ್ಪು ಗಟ್ಟಿಯಾಗಿ ಅಲ್ಲೇ ಕುಳಿತರೆ ಎಣ್ಣೆ ಸೋತಿದೆ ಎಂದರ್ಥ. ಅಂಚು ಮುರುಕು ಮುರುಕಾಗಿದ್ದರೆ ನೀರು ಸೇರಿದೆ ಎಂದರ್ಥ. ಶೆಡ್ಡಿನ ಉದ್ದಕ್ಕೂ ಇಂಥ ಹಾಳೆಗಳು ಒಣಹಾಕಿದ ಬಟ್ಟೆಗಳ ಹಾಗೆ ತೂಗುತ್ತಿವೆ. ಒಂದೊಂದು ಗಾಡಿಗೆ ಒಂದೊಂದು ತಂತಿ. ಈ ಬಿಎಸ್‌ಎಯ ತಂತಿ ಮಾತ್ರ ಉಳಿದೆಲ್ಲಕ್ಕಿಂತ ಉದ್ದವಾಗಿದೆ. ಅದರ ಕಥೆಗೇ ನಾನು ಬಂದಿರುವುದು.

ಅದಕ್ಕೂ ಮೊದಲು ನನ್ನ ಸ್ವಂತ ಮರ್ಯಾದೆಗೇಡಿನ ಕಥೆಯೊಂದನ್ನು ಹೇಳಿಬಿಡುತ್ತೇನೆ. ಸಾತಪ್ಪನವರ ಋಣ ನನ್ನ ಮೇಲೆ ಹತ್ತಿದ್ದು ಅಲ್ಲಿಂದ.

ಎಪ್ಪತ್ತೊಂಬತ್ತರಲ್ಲಿ ಮಿಲಿಟರಿ ಹರಾಜಿನಿಂದ ಕೈಯಿಂದ ಕೈಗೆ ಬಂದ ಇಂಥದೇ ಒಂದು ಗಾಡಿ ನನ್ನ ಪಾಲಿಗೆ ಬಂತು. ಬೇಸಿಗೆಗೆ ಊರಿಗೆ ಹೋಗಿ ಒಂದೂವರೆ ತಿಂಗಳು ಬಿಟ್ಟು ಬೆಳಗಾವಿಯ ಟಿಳಕವಾಡಿಯ ಮನೆಗೆ ಮರಳಿದಾಗ ಎಣ್ಣೆ ಟ್ಯಾಂಕು ಬತ್ತಿ ಹೋಗಿತ್ತು. ಪಾಪ, ಬಾಯಾರಿದೆ ಎಂದುಕೊಂಡು ಎರಡೂವರೆ ಲೀಟರು ಹೊಸ ಎಣ್ಣೆ ಸುರಿದು ಕಿಕ್ಕು ಹೊಡೆದೆ. ನಮ್ಮ ಗಲ್ಲಿಯಲ್ಲಿ ಎದ್ದ ಹೊಗೆಗೆ ಬೆಂಕಿ ಬಿದ್ದಿತೆಂದು ಇಬ್ಬರು ಕೊಡ ಹಿಡಿದು ಓಡಿ ಬಂದರು. ಎಂಜಿನ್ನಿನ ಎಲ್ಲ ಸಂದಿಗಳಿಂದ ಎಣ್ಣೆ ಚಿಮ್ಮಿ ಎದುರು ಮನೆಯ ತಾರಾಬಾಯಿ ಒಣಗಲು ಹಾಕಿದ್ದ ಹಪ್ಪಳದ ಮೇಲೆಲ್ಲ ಸಿಡಿಯಿತು. ಆ ಮಹಾತಾಯಿ ಕನ್ನಡದಲ್ಲಿ ಶುರುಮಾಡಿ ಮರಾಠಿಯಲ್ಲಿ ಮುಗಿಸಿದ ಬೈಗುಳ ಇವತ್ತಿಗೂ ನನ್ನ ಕಿವಿಯಲ್ಲಿದೆ.

ಬೆಳಗಾವಿಯ ಮೂರು ಮೆಕ್ಯಾನಿಕರು ಎಂಜಿನ್ನು ಪೂರಾ ಬಿಚ್ಚಬೇಕೆಂದರು. ನಾಲ್ಕನೆಯವ ಮಾತ್ರ "ಖಾನಾಪುರದ ಎಣ್ಣಿ ಸಾತಪ್ಪಗ ಒಮ್ಮಿ ತೋರಸ್ರಿ" ಎಂದ. ಗಾಡಿಯನ್ನು ಟೆಂಪೋದಲ್ಲಿ ಹೇರಿಕೊಂಡು ಬಂದೆ. ಸಾತಪ್ಪ ನೋಡಿದರು, ನಕ್ಕರು. ಎಂಜಿನ್ನಿನ ಹೊಟ್ಟೆಯ ಬೋಲ್ಟು ತೆಗೆದು ಬೋಗುಣಿ ಹಿಡಿದರು. ಎಣ್ಣೆ ಇಳಿಯಿತು, ಇಳಿಯಿತು, ನಿಲ್ಲಲೇ ಇಲ್ಲ.

"ನಿಂತ ಗಾಡ್ಯಾಗ ಎಣ್ಣಿ ಹಗೂರಕ ಟಾಕಿಯಿಂದ ಹೊಟ್ಟಿಗೆ ಇಳೀತೈತ್ರಿ. ಟಾಕಿ ಖಾಲಿ, ಹೊಟ್ಟಿ ಭರ್ತಿ. ನೀವು ಹೊಟ್ಟಿ ತುಂಬಿದ ಕೂಸಿಗೆ ಮತ್ತ ಉಣ್ಣಸೀರಿ. ಅದು ಕಾರ್ಕೊಂಡೈತಿ, ಅಷ್ಟ. ಗಾಡಿಗೆ ಏನೂ ಆಗಿಲ್ಲ."

ಅತಿಯಾದರೆ ಅಮೃತವೂ ವಿಷ ಎಂದು ಶಾಲೆಯಲ್ಲಿ ನೂರು ಸಲ ಬರೆದಿದ್ದವನು ನಾನು. ಅದು ಎಣ್ಣೆಗೂ ಅನ್ವಯಿಸುತ್ತದೆ ಎಂದು ತಿಳಿಯಲು ಖಾನಾಪುರಕ್ಕೆ ಬರಬೇಕಾಯಿತು. ಅವತ್ತಿನಿಂದ ನನ್ನ ಗಾಡಿಗೆ ಅವರು ಹೇಳಿದ ಎಣ್ಣೆಯೇ ಎಣ್ಣೆ.

ಸಾತಪ್ಪನವರಿಗೆ ಈಗ ಐವತ್ತೈದು. ಮನೆತನ ಗಾಣದ್ದು. ತಾಯಿ ಕಾಶವ್ವ ಕುಸುಬಿ ಎಣ್ಣೆ ಹೊತ್ತು ಸಂತೆಗಳಲ್ಲಿ ಮಾರುತ್ತಿದ್ದರಂತೆ. ಎಣ್ಣೆ ತಾಜಾ ಇದೆಯೋ ಕಮಟು ಹಿಡಿದಿದೆಯೋ ಎಂದು ಬೆರಳಲ್ಲೇ ಹೇಳುವುದನ್ನು ಮಗ ತಾಯಿಯಿಂದ ಕಲಿತರು. ಗಾಣ ನಿಂತ ಮೇಲೆ ಬೆಳಗಾವಿ ಕ್ಯಾಂಪಿನ ಹತ್ತಿರ ಒಂದು ವರ್ಕ್‌ಶಾಪಿನಲ್ಲಿ ಹನ್ನೆರಡು ವರ್ಷ ದುಡಿದರು. ಸೈನ್ಯದವರು ಹರಾಜಿಗೆ ಹಾಕಿದ ಗಾಡಿಗಳಿಗೆ ಮತ್ತೆ ಜೀವ ಬರಿಸುವ ಕೆಲಸ. ಅರವತ್ತೊಂದರಲ್ಲಿ ಹೆಂಡತಿ ಬಾಳವ್ವನ ತವರೂರಾದ ಖಾನಾಪುರಕ್ಕೆ ಬಂದು ಈ ಶೆಡ್ಡು ಹಾಕಿದರು. "ಮಂದಿ ಆಡ್ಕೊಂಡ್ರ್ರಿ. ಗಾಣಿಗ್ಯಾರ ಹುಡುಗ ಈಗ ಕಬ್ಬಿಣಕ್ಕ ಒಗ್ಗರಣಿ ಕೊಡಾಕ ಹತ್ಯಾನ ಅಂದ್ರು" ಎಂದು ಅವರೇ ನಗುತ್ತಾರೆ.

ಇಷ್ಟೆಲ್ಲ ಗಾಡಿಗಳನ್ನು ಸಲಹಿದ ಮನುಷ್ಯನಿಗೆ ಸ್ವಂತದ್ದೊಂದು ಗಾಡಿಯಿಲ್ಲ. ಸೈಕಲ್ಲೇ ಗತಿ. ಅದರ ಚೈನಿಗೆ ಮಾತ್ರ ಎಣ್ಣೆ ಬಿಡಲು ಮರೆಯುತ್ತಾರೆಂದು ಬಾಳವ್ವನ ದೂರು. ಎಪ್ಪತ್ತರ ಸುಮಾರಿಗೆ ಈ ತಾಲೂಕಿನಲ್ಲಿ ನಲವತ್ತು ಹಳೇ ಗಾಡಿಗಳು ಇವರ ಕೈಯಲ್ಲಿದ್ದವು. ಈಗ ಹದಿನೇಳು. ಒಂದೊಂದರ ಎಣ್ಣೆ ಟ್ಯಾಂಕಿನ ಮೇಲೂ ಬಿಳಿ ಬಣ್ಣದಲ್ಲಿ ನಂಬರು ಬರೆದಿದ್ದಾರೆ. ಬೇಸಿಗೆಗೆ ಐವತ್ತು, ಮಳೆ ಚಳಿಗೆ ನಲವತ್ತು. ನಂಬರು ಹೆಚ್ಚಿದಷ್ಟೂ ಎಣ್ಣೆ ಮಂದ. ಬಯಲುಸೀಮೆಯ ಗಾಡಿಗೆ ಎಂಟುನೂರು ಮೈಲಿಗೊಮ್ಮೆ ಎಣ್ಣೆ ಬದಲಿಸಿದರೆ ನಡೆಯುತ್ತದೆ. ಜಾಂಬೋಟಿ ಕಡೆಗೆ ಓಡುವ ಗಾಡಿಗೆ ಮಳೆಗಾಲದಲ್ಲಿ ಐದುನೂರಕ್ಕೇ ಬದಲಿಸಬೇಕು, ಆ ಮಳೆ ಎಂಜಿನ್ನನ್ನೂ ಬಿಡುವುದಿಲ್ಲ.

ಇವರ ಶೆಡ್ಡಿನಲ್ಲಿ "ಊಟ ಆತೇನ್ರಿ" ಎಂದು ಯಾರೂ ಕೇಳುವುದಿಲ್ಲ. "ಎಣ್ಣಿ ತಿರುಗಿ ಬಂತರಿ?" ಎನ್ನುವುದೇ ಇಲ್ಲಿಯ ನಮಸ್ಕಾರ. ಗಾಡಿ ಚಾಲೂ ಆದೊಡನೆ ಟ್ಯಾಂಕಿನ ಮುಚ್ಚಳ ತೆರೆದು ನೋಡಬೇಕು. ಎಂಜಿನ್ನನ್ನು ಸುತ್ತಿ ಬಂದ ಎಣ್ಣೆ ಒಂದು ಸಣ್ಣ ನಳಿಗೆಯಿಂದ ಬುಳುಬುಳು ಮರಳುತ್ತಿರಬೇಕು. ಅದು ಕಾಣದಿದ್ದರೆ ಒಂದು ಹೆಜ್ಜೆಯೂ ಮುಂದೆ ಹೋಗಕೂಡದು. ಈ ನಿಯಮ ಹುಟ್ಟಿದ್ದು ಎಪ್ಪತ್ಮೂರರಲ್ಲಿ, ಸಾತಪ್ಪನವರೇ ಮಾಡಿದ ಒಂದು ತಪ್ಪಿನಿಂದ.

ಎದುರಿಗಿರುವ ಬಿಎಸ್‌ಎ ಜಾಂಬೋಟಿ ಕಡೆಯ ಆರೋಗ್ಯ ಉಪಕೇಂದ್ರದ ನರ್ಸು ರತ್ನಮಾಲಾ ಅವರ ಮನೆಯದು. ಓಡಿಸುವವರು ಅವರ ಗಂಡ ನೇಮಣ್ಣ. ಅಲ್ಲೇ ನಾಲ್ಕೆಕರೆ ಭತ್ತದ ಗದ್ದೆ ಮಾಡಿಕೊಂಡಿದ್ದಾರೆ. ಕಾಡಿನೊಳಗಿನ ಯಾವ ವಾಡಿಯಿಂದ ಹೆರಿಗೆಗೆ ಕರೆ ಬಂದರೂ ಗದ್ದೆಯ ಕೆಲಸ ಅಲ್ಲಿಗೇ ಬಿಟ್ಟು, ಕೆಸರುಗಾಲಲ್ಲೇ ಗಾಡಿ ಹತ್ತುತ್ತಿದ್ದರು. ಹಿಂದೆ ಚೀಲ ಹಿಡಿದು ರತ್ನಮಾಲಾ ಬಾಯಿ. ಬಸ್ಸು ದಿನಕ್ಕೆ ಎರಡು, ಅದೂ ಡಾಂಬರು ಇದ್ದಲ್ಲಿಗೆ ಮಾತ್ರ. ಹೀಗಾಗಿ ಈ ಗಾಡಿ ನಿಂತರೆ ಆ ಭಾಗದ ಬಸುರಿಯರಿಗೆ ಬೇರೆ ದಿಕ್ಕಿರಲಿಲ್ಲ.

ನಮ್ಮ ಕಡೆ ಖಂಡೇನವಮಿಯ ಆಯುಧಪೂಜೆಗೆ ಗಾಡಿ ತೊಳೆದು ವಿಭೂತಿ ಹಚ್ಚಿ ಹೂವೇರಿಸಿದರೆ ಸಾಲದು, ಹೊಸ ಎಣ್ಣೆಯ ನೈವೇದ್ಯವೂ ಆಗಬೇಕು. ವರ್ಷವಿಡೀ ಹೇಗೇ ಇರಲಿ, ಅವತ್ತು ಇದ್ದುದರಲ್ಲೇ ಉತ್ತಮವಾದದ್ದನ್ನು ಹಾಕಬೇಕು. ಎಪ್ಪತ್ಮೂರರ ಹಬ್ಬದ ಹೊತ್ತಿಗೆ ಮುಂಬೈ ಕಡೆಯಿಂದ ಹೊಸ ನಮೂನೆಯ ಎಣ್ಣೆ ಬೆಳಗಾವಿಗೆ ಬಂದಿತ್ತು. ಚೆಂದದ ಡಬ್ಬಿ, ಜೇನಿನಂಥ ಬಣ್ಣ. ಎಂಜಿನ್ನನ್ನು ಒಳಗಿನಿಂದ ತೊಳೆಯುತ್ತದೆ ಎಂದು ಡಬ್ಬಿಯ ಮೇಲೇ ಬರೆದಿತ್ತು. ಬಡವರ ಮನೆಗೆ ಓಡಾಡುವ ಗಾಡಿ, ಇದಕ್ಕೆ ಇದೇ ಹಾಕಬೇಕೆಂದು ಸಾತಪ್ಪ ಪ್ರೀತಿಯಿಂದ ತಂದು, ಊದುಬತ್ತಿ ಬೆಳಗಿ, ತಮ್ಮ ಕೈಯಾರೆ ಸುರಿದರು.

ಬೆಳ್ಳಗಿರುವುದೆಲ್ಲ ಹಾಲಲ್ಲ. ಹೊಸ ಎಂಜಿನ್ನಿಗೆ ಆ ಎಣ್ಣೆ ಖರೇ ಅಮೃತವೇ. ತೊಳೆದ ಕೊಳೆಯನ್ನು ಹಿಡಿಯಲು ಆ ಎಂಜಿನ್ನಿನಲ್ಲಿ ಜರಡಿಯಂಥ ಫಿಲ್ಟರು ಇರುತ್ತದೆ. ಈ ಹಳೇ ಎಂಜಿನ್ನಿನಲ್ಲಿರುವುದು ಬರೀ ಒಂದು ತಂತಿಬಲೆ. ಮೂವತ್ತು ವರ್ಷ ಸಾದಾ ಎಣ್ಣೆ ಕುಡಿದ ಎಂಜಿನ್ನಿನ ಗೋಡೆಗೆ ಮಸಿಯಂಥ ಮಡ್ಡಿ ಗಟ್ಟಿಯಾಗಿ ಅಂಟಿತ್ತು. ತನ್ನ ಪಾಡಿಗೆ ತಾನಿತ್ತು, ಯಾರಿಗೂ ತೊಂದರೆಯಿರಲಿಲ್ಲ. ಹೊಸ ಎಣ್ಣೆ ಅದನ್ನು ತೊಳೆದು ಸಡಿಲಿಸಿತು. ಸಡಿಲಾದ ಮಡ್ಡಿ ಎಣ್ಣೆ ಹರಿಯುವ ಸಣ್ಣ ದಾರಿಗೆ ಹೋಗಿ ಕುಳಿತುಕೊಂಡಿತು.

ಹಬ್ಬವಾದ ಐದನೇ ದಿನ ಮುಂಜಾನೆ, ಹೆರಿಗೆಗೆಂದು ಹೊರಟ ದಾರಿಯಲ್ಲಿ ಎಂಜಿನ್ನು ಕಿರುಚಿ ನಿಂತಿತು. ಎಣ್ಣೆ ಸಿಗದೆ ಕಬ್ಬಿಣ ಕಬ್ಬಿಣವನ್ನೇ ತಿಂದಿತ್ತು. ರತ್ನಮಾಲಾ ಬಾಯಿ ಚೀಲ ಹೆಗಲಿಗೆ ಹಾಕಿಕೊಂಡು, ಬಿಡದೆ ಸುರಿಯುವ ಮಳೆಯಲ್ಲಿ ಐದು ಮೈಲಿ ನಡೆದು ವಾಡಿ ಮುಟ್ಟಿದರು. ತಾಯಿ ಉಳಿದಳು. ಕೂಸು ಉಳಿಯಲಿಲ್ಲ.

ಇದನ್ನು ಹೇಳುವಾಗ ಸಾತಪ್ಪ ನನ್ನ ಮುಖ ನೋಡುವುದಿಲ್ಲ. ಕೈಯಲ್ಲಿದ್ದ ಅರಿವೆಯಿಂದ ಒರೆಸಿದ ಬೋಲ್ಟು ಬಿಗಿಯುವ ಪಾನಾವನ್ನೇ ಮತ್ತೆ ಒರೆಸುತ್ತಾರೆ. "ಯಾರೂ ನನಗ ಒಂದ ಮಾತು ಅನಲಿಲ್ರಿ. ನೇಮಣ್ಣಾರು ಗಾಡಿ ಚಕ್ಕಡ್ಯಾಗ ಹೇರ್ಕೊಂಡು ಬಂದ್ರು, ಸಾತಪ್ಪಾ ನೋಡಪಾ ಏನಾಗೇತಿ ಅಂದ್ರು. ಬೈದಿದ್ರ ಚಲೋ ಇತ್ತು. ಬಿಚ್ಚಿ ನೋಡಿದ್ನಿ, ನಾನ ಹಾಕಿದ ಎಣ್ಣಿ. ಯಾರ ಮ್ಯಾಲ ಹಾಕ್ಲಿ ಅದನ್ನ?"

ಆ ಎಂಜಿನ್ನನ್ನು ಅವರು ಇಪ್ಪತ್ತೆರಡು ದಿನ ಬೇರೆ ಯಾವ ಕೆಲಸವನ್ನೂ ಮುಟ್ಟದೆ ಕಟ್ಟಿದರು. ಒಳಗಿನ ಸಣ್ಣ ದಾರಿಗಳನ್ನು ಸೈಕಲ್ಲಿನ ಕಡ್ಡಿ, ಕುದುರೆಯ ಬಾಲದ ಕೂದಲು ಹಾಕಿ ಬಿಡಿಸಿದರು. ಹಿಂದಿನ ಸಾದಾ ನಲವತ್ತು ನಂಬರಿನ ಎಣ್ಣೆ ತುಂಬಿದರು. ನೇಮಣ್ಣನಿಗೆ ಮುಚ್ಚಳ ತೆಗೆದು ಎಣ್ಣೆ ಮರಳುವುದನ್ನು ನೋಡುವುದು ಕಲಿಸಿದರು. ವಾರಕ್ಕೊಮ್ಮೆ ಗಾಡಿ ಇಲ್ಲಿಗೆ ಬರಲೇಬೇಕು, ಬರದಿದ್ದರೆ ತಾವೇ ಸೈಕಲ್ ತುಳಿದುಕೊಂಡು ಬರುವುದಾಗಿ ಹೇಳಿದರು. ಇಪ್ಪತ್ತು ಕಿಲೋಮೀಟರಿನ ಏರು ದಾರಿ ಅದು. ಎಷ್ಟೋ ಸಲ ಹಾಗೆ ಹೋಗಿದ್ದಾರೆಂದು ಬಾಳವ್ವ ಹೇಳುತ್ತಾರೆ. "ನರ್ಸ ಅಕ್ಕಾರ ನೌಕರಿ ಮುಗಿಯೂಮಟ ಆ ಗಾಡಿ ನಿಂದರಬಾರದು ಅಂತ ಹಟ ಹಿಡದು ಕುಂತಿದ್ರರಿ. ಹಬ್ಬ ಇಲ್ಲ, ಹುಣ್ಣಿವಿ ಇಲ್ಲ. ನನ್ನ ತಮ್ಮನ ಮದುವ್ಯಾಗ ಅಕ್ಕಿಕಾಳು ಬೀಳೂದರಾಗ ಎದ್ದು ಹ್ವಾದ್ರು!"

ಹತ್ತು ವರ್ಷ ಹೀಗೇ ಕಳೆಯಿತು. ಹನ್ನೊಂದನೆಯ ಮಳೆಗಾಲದ ಹೊಸ್ತಿಲಲ್ಲಿ, ಕಳೆದ ವರ್ಷದ ಮೇ ತಿಂಗಳಲ್ಲಿ, ಸಾದಾ ಎಣ್ಣೆಯೇ ಸಿಗದಾಯಿತು. ಎಲ್ಲ ಅಂಗಡಿಗಳಲ್ಲೂ ತೊಳೆಯುವ ಎಣ್ಣೆಯೇ. ಸಾತಪ್ಪ ಬೆಳಗಾವಿಯ ಖಡೇಬಜಾರಿನಿಂದ ಹಿಡಿದು ಫೌಂಡ್ರಿಗಳ ಗೋದಾಮಿನವರೆಗೆ ಮೂರು ದಿನ ಅಲೆದರು. "ಅಜ್ಜಾ, ಅದು ನಿಮ್ಮ ಕಾಲದ್ದು, ಈಗ ಯಾರು ತರಿಸ್ತಾರ?" ಎಂದು ಅಂಗಡಿಯವರು ನಕ್ಕರು. ರತ್ನಮಾಲಾ ಬಾಯಿಯ ನೌಕರಿ ಮುಗಿಯಲು ಇನ್ನೂ ಹತ್ತು ತಿಂಗಳಿತ್ತು, ಎದುರಿಗೆ ಜಾಂಬೋಟಿಯ ಮಳೆಯಿತ್ತು. ಶೆಡ್ಡಿನಲ್ಲಿ ಉಳಿದದ್ದು ಒಂದೇ ಸಲಕ್ಕಾಗುವಷ್ಟು ಎಣ್ಣೆ.

ಕಡೆಗೆ ಸಿಕ್ಕಿದ್ದು ಖಾನಾಪುರದಲ್ಲೇ. ಮುಚ್ಚಿಹೋದ ಒಂದು ಅಕ್ಕಿ ಗಿರಣಿಯ ಮೂಲೆಯಲ್ಲಿ, ಅದರ ಹಳೇ ಎಂಜಿನ್ನಿಗೆಂದು ತರಿಸಿದ್ದ ಸಾದಾ ನಲವತ್ತರ ಪೀಪಾಯಿಯೊಂದು ಸೀಲು ಒಡೆಯದೆ ಹದಿನಾಲ್ಕು ವರ್ಷದಿಂದ ಕುಳಿತಿತ್ತು. ಗಿರಣಿಯ ಮುದುಕ ಯಜಮಾನ ಗುರುಪಾದಪ್ಪ, ಯಾರ ಗಾಡಿಗೆಂದು ಕೇಳಿದರು. ಹೇಳಿದ್ದೇ ತಡ, "ನನ್ನ ಮೊಮ್ಮಗಳೂ ಆಕಿ ಕೈಯಾಗ ಹುಟ್ಯಾಳ, ಒಯ್ಯಿ" ಎಂದು ಕೊಟ್ಟುಬಿಟ್ಟರು.

ಹಾಗೆಂದು ಸಾತಪ್ಪ ಅದನ್ನು ಕುಣಿದಾಡುತ್ತ ಸುರಿಯಲಿಲ್ಲ. ಹಾಲಿನಲ್ಲಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಆರಿಸಿ ಕುಡಿಯುತ್ತಾನೆ. ಬಾಳವ್ವನ ರೊಟ್ಟಿ ಹಂಚನ್ನು ಕೇಳದೆ ತಂದು, ಕಾಯಿಸಿ, ಪೀಪಾಯಿಯ ಮೇಲಿನ ಎಣ್ಣೆ ಒಂದು ಚಮಚ ಬಿಟ್ಟರು. ಸದ್ದಿಲ್ಲ. ತಳದ ಎಣ್ಣೆ ಬಿಟ್ಟರು. ಸಾಸಿವೆ ಸಿಡಿದಂತೆ ಚಟಪಟ ಎಂದಿತು, ಅಂದರೆ ತಳಕ್ಕೆ ನೀರು ಇಳಿದಿದೆ. ತಳದ ಒಂದು ಗೇಣು ಬಿಟ್ಟು ಮೇಲಿನದನ್ನಷ್ಟೇ ನಳಿಗೆ ಹಾಕಿ ಎಳೆದುಕೊಂಡರು. ರೊಟ್ಟಿ ಹಂಚು ಮಾತ್ರ ಮತ್ತೆ ಅಡುಗೆಮನೆಗೆ ಹೋಗಲಿಲ್ಲ. ಹೊಸದು ತರುವವರೆಗೆ ಆ ಮನೆಯಲ್ಲಿ ಅನ್ನವೇ ಗತಿಯಾಯಿತಂತೆ.

ಅಷ್ಟಾದರೂ ಅವರಿಗೆ ನಂಬಿಕೆಯಿಲ್ಲ. ಮೊದಲು ಬೇರೊಂದು ಹಳೇ ಎಂಜಿನ್ನಿನಲ್ಲಿ ಹಾಕಿ ನೋಡಬೇಕು. ನನಗೆ ಅಂಚೆ ಕಾರ್ಡು ಬಂತು, ನಾನು ಗಾಡಿ ಒಯ್ದೆ.

"ಖರೇ ಹೇಳ್ತೀನ್ರಿ, ಇದು ಕೆಟ್ರೂ ಕೆಡಬಹುದು" ಎಂದರು. "ನಿಮ್ಮ ಗಾಡಿ ಕೆಟ್ರ ನೀವು ಬಸ್ಸಿಗೆ ಹೋಗ್ತೀರಿ. ಅಕ್ಕಾರ ಗಾಡಿ ಕೆಟ್ರ?"

ನನ್ನ ಜೀವನದಲ್ಲಿ ಯಾರೂ ನನ್ನನ್ನು ಇಷ್ಟು ನೇರವಾಗಿ ಬಲಿಯ ಕುರಿ ಮಾಡಿದ್ದಿಲ್ಲ, ನಾನು ಇಷ್ಟು ಖುಷಿಯಿಂದ ಕತ್ತು ಕೊಟ್ಟದ್ದೂ ಇಲ್ಲ. ಜೂನ್ ತಿಂಗಳಿಡೀ ಬೆಳಗಾವಿ, ಖಾನಾಪುರ, ಜಾಂಬೋಟಿ ಎಂದು ನಾನೂರು ಮೈಲಿ ಸುತ್ತಿದೆ. ವಾರಕ್ಕೊಮ್ಮೆ ಮುಂಜಾನೆಯ ನಾಲ್ಕು ಹನಿ, ಕ್ಯಾಲೆಂಡರಿನ ಹಾಳೆ. ನಾಲ್ಕನೆಯ ವಾರ ಹಾಳೆಯ ಮೇಲಿನ ಹನಿ ಸುತ್ತಲೂ ಸಮನಾಗಿ ಹರಡಿ ನಿಂತಿತು. ಸಾತಪ್ಪ ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಪೀಪಾಯಿಯ ಮೇಲೆ ಸೀಮೆಸುಣ್ಣದಿಂದ 'ಅಕ್ಕಾರದು' ಎಂದು ಬರೆದರು. ಅಲ್ಲಿಂದ ಮುಂದೆ ಅದರ ಒಂದು ಹನಿ ನನಗೂ ಸಿಗಲಿಲ್ಲ.

ಕಳೆದ ತಿಂಗಳು ಜಾಂಬೋಟಿಗೆ ಹೋಗಿ ರತ್ನಮಾಲಾ ಬಾಯಿಯನ್ನು ಕಂಡೆ. ಗಟ್ಟಿ ದನಿಯ, ನೇರ ಮಾತಿನ ಹೆಂಗಸು. ಎಪ್ಪತ್ಮೂರರ ನಂತರ ಆ ಗಾಡಿಯ ಮೇಲೆ ಹೋಗಿ ಮಾಡಿಸಿದ ಹೆರಿಗೆಗಳು ಆರುನೂರಕ್ಕೂ ಮೇಲೆ ಎಂದರು. ಆ ಕೂಸಿನ ವಿಷಯ ಎತ್ತಿದಾಗ ತಲೆ ಅಲ್ಲಾಡಿಸಿದರು.

"ನಾ ಗಾಡಿ ಹತ್ತೂಕಿಂತ ಮೊದ್ಲ ಆ ಕೂಸು ಹೊಟ್ಟ್ಯಾಗ ಹೋಗಿತ್ರಿ. ಎರಡು ದಿನದಿಂದ ಮಿಸುಕಾಡಿದ್ದಿಲ್ಲ ಅಂತ ಆಕಿ ಅತ್ತೀನ ಹೇಳಿದ್ಲು. ಗಾಡಿ ಹಾರಿಕೊಂಡು ಹೋಗಿದ್ರೂ ಉಳೀತಿರಲಿಲ್ಲ. ಸಾತಪ್ಪಗ ಹತ್ತು ಸಲ ಹೇಳೇನಿ. ಆತ ಕೇಳಿದ್ರಲ್ಲ? ಆತನ ತಪ್ಪಿಂದ ಯಾರೂ ಸತ್ತಿಲ್ಲರಿ. ಆದ್ರ ಆತನ ದುಡಿಮೀಂದ ಎಷ್ಟ ಮಂದಿ ಬದುಕ್ಯಾರ, ಅದನ್ನ ಬರೀರಿ ನೀವು."

ಬರೆಯುತ್ತಿದ್ದೇನೆ ತಾಯಿ. ಸಾತಪ್ಪನವರಿಗೆ ಈ ಮಾತು ತಿಳಿಸಿದಾಗ ಅವರು ಹೇಳಿದ್ದು ಇಷ್ಟೇ: "ಅಕ್ಕಾರ ಮನಸು ದೊಡ್ಡದರಿ. ಹಂಗ ಅಂತಾರ." ಇಬ್ಬರಲ್ಲಿ ಯಾರು ಸರಿ ಎಂದು ತೀರ್ಮಾನಿಸಲು ನಾನು ಯಾರು? ನನಗೆ ಇಬ್ಬರ ಮೇಲೂ ಗೌರವ ಉಕ್ಕುತ್ತದೆ. ನಮ್ಮ ಸೀಮೆಯಲ್ಲಿ ಇಂಥವರಿದ್ದಾರಲ್ಲ ಎಂದು ಹೊಟ್ಟೆ ತಣ್ಣಗಾಗುತ್ತದೆ.

ಈ ಮುಂಜಾನೆ, ಏಪ್ರಿಲ್ ಮೊದಲ ವಾರ, ಬಿಎಸ್‌ಎ ಇನ್ನು ನರ್ಸಮ್ಮನ ಗಾಡಿಯಲ್ಲ. ರತ್ನಮಾಲಾ ಬಾಯಿ ಮಾರ್ಚ್ ಕೊನೆಗೆ ನಿವೃತ್ತರಾದರು. ಅವರ ಜಾಗಕ್ಕೆ ಬಂದ ಹೊಸ ನರ್ಸಿಗೆ ಸರ್ಕಾರದ ಜೀಪು ಸಿಗುತ್ತದಂತೆ. ಇನ್ನು ಈ ಗಾಡಿ ಗದ್ದೆಗೂ ಸಂತೆಗೂ ಓಡಾಡಿದರೆ ಸಾಕು. ಆದರೂ ನೇಮಣ್ಣ ನಿನ್ನೆ ಸಂಜೆ ಎಂದಿನಂತೆ ತಂದು ಬಿಟ್ಟಿದ್ದಾರೆ. ಸಾತಪ್ಪ ಎಂದಿನಂತೆ ಹನಿ ನೋಡಿದ್ದಾರೆ, ಹಾಳೆ ಸಿಕ್ಕಿಸಿದ್ದಾರೆ. ಈಗ ಒಂದೇ ಕಿಕ್ಕಿಗೆ ಎಂಜಿನ್ನು ಏಳುತ್ತದೆ. ಮುಚ್ಚಳ ತೆಗೆದು ಇಬ್ಬರೂ ಬಗ್ಗಿ ನೋಡುತ್ತೇವೆ, ಎಣ್ಣೆ ಮರಳುತ್ತಿದೆ.

ನಿವೃತ್ತಿಯ ದಿನ ರತ್ನಮಾಲಾ ಬಾಯಿ ಪೇಢೆ ತೆಗೆದುಕೊಂಡು ಶೆಡ್ಡಿಗೆ ಬಂದು ಕೈ ಮುಗಿದರಂತೆ. ಇವರು ಕೈಗೆ ಎಣ್ಣೆಯಾಗಿದೆ ಎಂಬ ನೆಪ ಹೇಳಿ ಬಾವಿಕಟ್ಟೆಗೆ ಹೋಗಿ, ಅವರು ಹೊರಟು ಹೋಗುವವರೆಗೆ ಕೈ ತೊಳೆಯುತ್ತಲೇ ಇದ್ದರಂತೆ. ಬಾಳವ್ವ ಇದನ್ನು ನನ್ನೆದುರೇ ಹೇಳಿ ನಗುತ್ತಾರೆ. ಸಾತಪ್ಪ ಎಂಜಿನ್ನು ಬಂದ್ ಮಾಡುತ್ತಾರೆ. ಹನ್ನೊಂದು ವರ್ಷದ ಹೊರೆ ಇಳಿಯಿತಲ್ಲ, ಈಗ ಸಮಾಧಾನವೇ ಎಂದು ಕೇಳುತ್ತೇನೆ.

"ಸಮಾಧಾನ ಅಂದ್ರ..." ಎಂದು ರಸ್ತೆಯ ಕಡೆ ನೋಡುತ್ತಾರೆ. "ಅವತ್ತೊಂದ ದಿನ ಅಕ್ಕಾರನ್ನ ಮಳ್ಯಾಗ ನಡಿಸಿದ್ನಿರಿ. ಆಮ್ಯಾಲ ನಡ್ಯಾಕ ಬಿಡಲಿಲ್ಲ."